ಹೆಣ್ಣು ಕೇಳಲು ಬಂದ ಫಾಕಿ ಮಾವ

ಹಗಲು ನಾನು ಗ್ವಾಂಗ್‌ಝೌನ ಒಂದು ಪ್ರಯೋಗಾಲಯದಲ್ಲಿ ಬೀಗ, ಚಿಲಕಗಳನ್ನು ಮುರಿಯುವವರೆಗೆ ಎಳೆದು, ಯಾವುದು ಎಷ್ಟು ಭಾರಕ್ಕೆ ಮುರಿಯಿತೆಂದು ಬರೆದಿಡುತ್ತೇನೆ. ಸಂಜೆ ಮನೆಗೆ ಬಂದು ಅಷ್ಟೇ ಶಿಸ್ತಿನಿಂದ ನನ್ನ ಸ್ವಾಹಿಲಿಯನ್ನೂ ಈ ಊರಿನ ಕ್ಯಾಂಟನೀಸನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಹವ್ಯಾಸ. ಸ್ವಾಹಿಲಿಯ ಪದಕ್ಕೆ ಹಿಂದೆ ಮುಂದೆ ಪೋಣಿಸುತ್ತ ಹೋದರೆ ಒಂದೇ ಪದ ಇಡೀ ವಾಕ್ಯವಾಗುತ್ತದೆ. ಕ್ಯಾಂಟನೀಸಿನದು ಗೇಣುದ್ದದ ಪದ. ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಮೂರು ವರ್ಷ ಇಂಥವನ್ನೇ ಬರೆದು ಎರಡು ನೋಟ್‌ಬುಕ್ ತುಂಬಿಸಿದ್ದೆ. ನನ್ನ ಮದುವೆಗೆ ಬೇಕಾಗಿದ್ದ ವ್ಯತ್ಯಾಸ ಮಾತ್ರ ಎರಡರಲ್ಲೂ ಇರಲಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಎದುರಿನ ಮೇಜಿನಲ್ಲಿ ಕೆಲಸ ಮಾಡುವ ಸಿಯು-ಮಾನ್‌ಳನ್ನು ನಾನು ಮದುವೆಯಾಗಬೇಕೆಂದಿದ್ದೆ. ಅವಳಿಗೆ ಒಪ್ಪಿಗೆಯಿತ್ತು. ಅವಳ ತಾಯಿ ಯುಕ್-ಲಾನ್ ಮಾತ್ರ, "ನಿನ್ನ ಕಡೆಯ ಹಿರಿಯರು ಒಬ್ರು ನನ್ನೆದುರು ಕೂತು ಟೀ ಕುಡೀಲಿ. ಆಮೇಲೆ ಹೇಳ್ತೀನಿ" ಎಂದಿದ್ದರು. ಹಾಗಾಗಿ ನನ್ನ ತಾಯಿಯ ಅಣ್ಣ ಫಾಕಿ ಮಾವ ನಮ್ಮೂರಾದ ಪೆಂಬಾ ದ್ವೀಪದಿಂದ ಬಂದಿಳಿದರು. ಅವರಿಗೆ ಬರುವುದು ಸ್ವಾಹಿಲಿ ಮಾತ್ರ. ಯುಕ್-ಲಾನ್ ಮನಸ್ಸು ಬಿಚ್ಚುವುದು ಕ್ಯಾಂಟನೀಸಿನಲ್ಲಿ ಮಾತ್ರ. ದುಭಾಷಿ ನಾನೇ.

ಭಾನುವಾರ ಬೆಳಿಗ್ಗೆ ಚಹಾದ ಹೋಟೆಲಿನಲ್ಲಿ ನಾಲ್ವರೂ ದುಂಡು ಮೇಜಿನ ಸುತ್ತ ಕೂತೆವು. ನಾವು ಮುಟ್ಟದ ಹಂದಿಮಾಂಸದ ತಿಂಡಿಗಳನ್ನೆಲ್ಲ ಯುಕ್-ಲಾನ್ ತಾವೇ ಪಟ್ಟಿಯಿಂದ ಹೊಡೆದುಹಾಕಿದ್ದರು. ಶುಭಸೂಚನೆಯೆಂದು ನನಗೆ ಧೈರ್ಯ ಬಂತು.

ಬಿಳಿ ನಿಲುವಂಗಿ ತೊಟ್ಟು ನೆಟ್ಟಗೆ ಕೂತಿದ್ದ ಮಾವ ಗಂಟಲು ಸರಿಮಾಡಿಕೊಂಡು ನಮ್ಮ ಕ್ರಮದಂತೆ ಶುರುಮಾಡಿದರು. "ಮನೆ ಕಡೆ ಏನು ಸುದ್ದಿ, ತಂಗಿ?"

ನಮ್ಮಲ್ಲಿ ಇದಕ್ಕೆ ಉತ್ತರ ಒಂದೇ: ಒಳ್ಳೇದು. ಮನೆ ಉರಿಯುತ್ತಿದ್ದರೂ ಮೊದಲು ಒಳ್ಳೇದು ಅನ್ನಬೇಕು. ಬೆಂಕಿಯ ಸಂಗತಿ ಅದಾದ ಮೇಲೆ, ‘ಆದರೆ’ ಎಂದು ಹೇಳಿ.

"ಏನು ಸುದ್ದಿ," ಎಂದರು ಯುಕ್-ಲಾನ್. "ಅಡುಗೆಮನೆ ಗೋಡೆಯೆಲ್ಲ ಬೂಷ್ಟು."

"ಕೆಲಸದ ಸುದ್ದಿ?"

"ಮಂಡಿ ಹೋಗಿದೆ. ಇನ್ನೆಲ್ಲಿ ಕೆಲಸ?"

"ಮಗಳ ಸುದ್ದಿ?"

"ಇವಳಾ? ಸೋಮಾರಿ. ಮೂವತ್ತೊಂದು ತುಂಬ್ತು, ಒಂದು ಮೀನು ಕ್ಲೀನ್ ಮಾಡೋಕ್ ಬರಲ್ಲ. ಮುಖ ನೋಡಿ, ಆವಿಯಲ್ಲಿ ಬೆಂದ ಬನ್ ಇದ್ದಂಗಿದೆ."

ಇಷ್ಟನ್ನೂ ನಾನು ಪ್ರಾಮಾಣಿಕವಾಗಿ ಸ್ವಾಹಿಲಿಗೆ ಇಳಿಸಿದೆ. ಮಾವ ಬಟ್ಟಲನ್ನು ಕೆಳಗಿಟ್ಟು ಪಿಸುಗುಟ್ಟಿದರು: "ಮೂರು ಸಲ ಕೇಳಿದೆ ಮಗಾ, ಒಂದೂ ‘ಒಳ್ಳೇದು’ ಬರಲಿಲ್ಲ. ಈಯಮ್ಮ ನಮ್ಮನ್ನ ಎಬ್ಬಿಸಿ ಕಳಿಸ್ತಿದಾಳೆ."

"ಏನಂತೆ?" ಎಂದರು ಯುಕ್-ಲಾನ್. "ಹುಡುಗ ಹೇಗೆ ಅಂತ ಹೇಳೋಕ್ಕೇಳು."

"ಒಳ್ಳೆಯವನು," ಎಂದರು ಮಾವ. "ಆರೋಗ್ಯ ಒಳ್ಳೇದು, ಬುದ್ಧಿ ಒಳ್ಳೇದು, ನಡತೆ ಒಳ್ಳೇದು, ಕೈಗುಣಾನೂ ಒಳ್ಳೇದು."

ನನ್ನ ಬಾಯಿಂದಲೇ ನನ್ನ ಗುಣಗಾನ ಕೇಳಿದ ಯುಕ್-ಲಾನ್ ಮಗಳ ಕಡೆ ಬಾಗಿದರು. "ಇಷ್ಟೊಂದು ಹೊಗಳೋದು ನಿನ್ನೆಯ ಮೀನನ್ನ. ಹುಷಾರು."

ಆಗ ನನಗೆ ಹೊಳೆಯಿತು. ಈ ಊರಿನ ತಾಯಂದಿರು ತಮ್ಮದನ್ನು ಹೊಗಳುವುದಿಲ್ಲ. ದೃಷ್ಟಿ ತಾಗೀತು, ಜಂಬವೆಂದಾರು. ನಮ್ಮ ದ್ವೀಪದವರು ತಮ್ಮದನ್ನು ತೆಗಳುವುದಿಲ್ಲ, ಕೊಟ್ಟ ದೇವರಿಗೆ ಕೃತಘ್ನತೆ ಆದೀತು. ಒಂದೇ ಅಳತೆಯನ್ನು ಎರಡು ತದ್ವಿರುದ್ಧ ಗುರುತುಗಳಲ್ಲಿ ಹೇಳುತ್ತಿದ್ದಾರೆ, ಚಿಹ್ನೆ ಬದಲಿಸಿದರೆ ಲೆಕ್ಕ ಸರಿಹೋಗುತ್ತದೆ ಅಂದುಕೊಂಡೆ. ನನ್ನ ಓದಿಗೆ ತಕ್ಕ ತಪ್ಪು.

ಅಲ್ಲಿಂದ ಮುಂದೆ ಮಾವ "ನಮ್ಮ ಹುಡುಗ ಚುರುಕು" ಎಂದರೆ ನಾನು ಕ್ಯಾಂಟನೀಸಿನಲ್ಲಿ, "ನಮ್ಮ ಹುಡುಗ ಮರದ ಕೊರಡು" ಎಂದೆ. ಯುಕ್-ಲಾನ್ ಅರಳಿದರು. "ಅಯ್ಯೋ, ನಮ್ಮದು ಅದಕ್ಕಿಂತ ದಡ್ಡು" ಎಂದರು. ಅದನ್ನು ನಾನು ಸ್ವಾಹಿಲಿಯಲ್ಲಿ, "ನಮ್ಮ ಮಗಳೂ ಬಹಳ ಜಾಣೆ" ಎಂದೆ. ಮಾವ ನಿಟ್ಟುಸಿರು ಬಿಟ್ಟು ಎರಡನೇ ಸೀಗಡಿ ಕಡುಬಿಗೆ ಕೈಹಾಕಿದರು. ನನ್ನಿಂದ ಸ್ವಾಹಿಲಿಯನ್ನೂ ಅಷ್ಟಿಷ್ಟು ಕಲಿತಿದ್ದ ಸಿಯು-ಮಾನ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ನಿಲ್ಲಿಸಲಿಲ್ಲ. ಹತ್ತು ನಿಮಿಷದಲ್ಲಿ ನಾನು ಸೋಮಾರಿ, ಹೊಟ್ಟೆಬಾಕ, ಗೊರಕೆ ಹೊಡೆಯುವವನು, ಎಲ್ಲ ಆಗಿದ್ದೆ. ಯುಕ್-ಲಾನ್‌ಗೆ ನನ್ನ ಮೇಲೆ ಪ್ರೀತಿ ಉಕ್ಕಿತು.

ಉಕ್ಕಿದ್ದೇ ಕೆಟ್ಟದ್ದಾಯಿತು. ಅವರು ಚಾಪ್‌ಸ್ಟಿಕ್ಕಿನಿಂದ ನನ್ನ ಮಣಿಕಟ್ಟಿಗೆ ಹೊಡೆದು, ಇಡೀ ಹೋಟೆಲಿಗೆ ಕೇಳುವಂತೆ, "ಏ ಬೆಪ್ಪು ಮುಂಡೇದೆ, ಬರೀ ಬಾಯಿ ಆಡಿಸ್ತಾ ಕೂತಿದೀಯಲ್ಲ, ತಿನ್ನೋಕೆ ನಿನಗೇನು ರೋಗ?" ಎಂದರು.

ಆ ದನಿಗೆ ಅನುವಾದ ಬೇಕಿರಲಿಲ್ಲ. ಮಾವ ಎದ್ದು ನಿಂತರು. "ನಮ್ಮ ಮಗೂಗೆ ಹೊಡೆದಳು. ಏಳು, ಹೋಗೋಣ."

"ಮಾವಾ, ಅದು ಪ್ರೀತಿ."

"ನನಗೂ ಅರವತ್ತೆಂಟು ಆಯ್ತು. ಪ್ರೀತಿ ನೋಡಿದೀನಿ."

ಬೇರೆ ದಾರಿ ಇರಲಿಲ್ಲ. ಮೊದಲು ಸ್ವಾಹಿಲಿಯಲ್ಲಿ, ಆಮೇಲೆ ಕ್ಯಾಂಟನೀಸಿನಲ್ಲಿ, ನಾನು ಏನೇನು ತಿರುಚಿದ್ದೆನೋ ಅಷ್ಟನ್ನೂ ಒಪ್ಪಿಸಿದೆ. ಮಾವ ನಿಂತೇ ಕೇಳಿದರು. ಕಡೆಗೆ ಬೆರಳೆತ್ತಿ, "ಇದನ್ನ ಮಾತ್ರ ಸರಿಯಾಗಿ ಹೇಳು" ಎಂದರು. "ದ್ವೀಪದಲ್ಲಿ ಹುಟ್ಟಿ ದೋಣಿ ಹತ್ತಿದ್ರೆ ವಾಂತಿ ಮಾಡ್ಕೋತಾನೆ. ಅಜ್ಜಿಗೆ ಫೋನ್ ಮಾಡಿ ಎರಡು ವರ್ಷ ಆಯ್ತು. ಈಗ ನನ್ನ ಬಾಯಲ್ಲಿ ನಾನಾಡದ ಮಾತು ತುರುಕಿದಾನೆ. ಕತ್ತೆ."

ನಾನು ಒಂದಕ್ಷರ ಬಿಡದೆ ಹೇಳಿದೆ. ಯುಕ್-ಲಾನ್ ಚಾಪ್‌ಸ್ಟಿಕ್ ಕೆಳಗಿಟ್ಟರು. "ಇದು ನಿಜ," ಎಂದರು. "ಈಗ ಅವರು ಮೊದಲು ಕೇಳಿದ್ದನ್ನ ಇನ್ನೊಂದ್ಸಲ ಕೇಳೋಕ್ಕೇಳು. ನಿಮ್ಮ ಕ್ರಮದಲ್ಲೇ ಹೇಳ್ತೀನಿ."

ಮಾವ ಅನುಮಾನದಿಂದಲೇ ಕೇಳಿದರು. "ಮನೆ ಕಡೆ ಏನು ಸುದ್ದಿ, ತಂಗಿ?"

"ಒಳ್ಳೇದು," ಎಂದರು ಯುಕ್-ಲಾನ್. ಕಹಿಗುಳಿಗೆ ನುಂಗಿದವರಂತೆ ಮೇಲೊಂದು ಗುಟುಕು ಟೀ ಕುಡಿದರು. "ಆದರೆ ಇವಳಪ್ಪ ತೀರ್ಕೊಂಡು ಆರು ವರ್ಷ. ಇವಳನ್ನೂ ಸಮುದ್ರದಾಚೆ ಕರ್ಕೊಂಡು ಹೋದ್ರೆ ನಾನು ಬೈಯೋದು ಯಾರನ್ನ?"

ಸಿಯು-ಮಾನ್ ತಲೆ ತಗ್ಗಿಸಿದಳು. ಇಷ್ಟು ತಿಂಗಳು ತಾಯಿಯ ಈ ಭಯ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಮಾವ ಕೂತರು. ನಮ್ಮಲ್ಲಿ ‘ಆದರೆ’ ಬಂದ ಮೇಲೆ ಯಾರೂ ಎದ್ದುಹೋಗುವುದಿಲ್ಲ. "ಆಕೆಗೆ ಹೇಳು," ಎಂದರು. "ಹುಡುಗೀನ ಕರ್ಕೊಂಡು ಹೋಗೋಕೆ ಬಂದಿಲ್ಲ. ಈ ಕತ್ತೇನ ಇಲ್ಲಿ ಬಿಟ್ಟು ಹೋಗೋಕೆ ಬಂದಿದೀನಿ."

ಯುಕ್-ಲಾನ್ ಟೀ ಕೆಟಲ್ ಎತ್ತಿ ಮಾವನ ಬಟ್ಟಲು ತುಂಬಿಸಿದರು. "ಇವರ ವೀಸಾ ಎಷ್ಟು ದಿನ ಇದೆ?"

"ಹದಿನೆಂಟು ದಿನ, ಆಂಟಿ."

ಅವರು ಚೀಲದಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಹಾಳೆ ತಿರುವಿದರು. "ಅಷ್ಟರೊಳಗೆ ಒಂದೇ ಒಳ್ಳೆ ದಿನ ಇದೆ, ಮುಂದಿನ ವಾರದ ಗುರುವಾರ. ಆದ್ರೆ ಆವತ್ತು ಈ ಬಿಳಿ ನಿಲುವಂಗಿ ಹಾಕ್ಕೊಂಡು ಬರಕೂಡದು ಅಂತ ಹೇಳು. ಇಲ್ಲಿ ಬಿಳಿ ಸಾವಿಗೆ ಮಾತ್ರ ಹಾಕೋದು, ಮದುವೆಗೆ ಕೆಂಪು."

"ಏನಂತೆ?" ಎಂದರು ಮಾವ. ತಲೆಮಾರುಗಳಿಂದ ನಮ್ಮ ಗಂಡಸರು ಮದುವೆಗೆ ತೊಟ್ಟಿದ್ದು ಅದೇ ಬಿಳಿ ನಿಲುವಂಗಿ. ನಾನು ಏನೂ ತಿರುಚದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾವ ತಮ್ಮ ಎದೆಯ ಮೇಲಿನ ಬಿಳಿಯನ್ನು ಒಮ್ಮೆ ಸವರಿಕೊಂಡರು. ಆಮೇಲೆ, "ಕೆಂಪು ನಿಲುವಂಗಿ ನನ್ನ ಅಳತೆಗೆ ಈ ಊರಲ್ಲಿ ಎಲ್ಲಿ ಹೊಲೀತಾರೆ ಕೇಳು," ಎಂದರು.