ಬೆಲ್ಲ ನೀರು ಕೇಳಿದ ಗೌಡರು

ಎರಡು ಸರಕಾರಗಳ ಒಪ್ಪಂದದಂತೆ ಸಿಲೋನಿನಿಂದ ಬಂದು ಸುಳ್ಯದ ರಬ್ಬರ್ ತೋಟ ಸೇರಿದ ತಮಿಳರ ಮೇಲೆ ತ್ಯಾಂಪಣ್ಣ ಗೌಡರಿಗೆ ಮೊದಲಿನಿಂದಲೂ ಗುಮಾನಿ. ದಿಲ್ಲಿ, ಕೊಲಂಬೊದವರು ಸಹಿ ಹಾಕಿದ್ದಕ್ಕೆ ಇಲ್ಲಿ ತನ್ನ ಪಂಚಾಯತ್ ಕುರ್ಚಿ ಅಲ್ಲಾಡಬೇಕೇ? ಈ ಓಟುಗಳೆಲ್ಲ ಎದುರು ಪಕ್ಷಕ್ಕೇ ಎಂದು ಅವರ ಎಣಿಕೆ. ಈ ತಮಿಳರ ಕಾಲೊನಿಯಲ್ಲಿ ಒಂದು ಲೋಟ ನೀರನ್ನೂ ಮುಟ್ಟದಿದ್ದ ಮನುಷ್ಯ, ಚುನಾವಣೆ ಬಂದದ್ದೇ ತಡ, ಅಲ್ಲಿನ ಮುದುಕಿ ಮುತ್ತಮ್ಮನ ಜಗಲಿಯಲ್ಲಿ ಕೂತು ಬೆಲ್ಲ ನೀರು ಕೇಳಿ ಕುಡಿದರು.

"ಓಟು ಯಾರಿಗೆ ಹಾಕುದು ಮಾರಾಯ್ತಿ? ಹೆದರಬೇಡ, ಹೇಳು."

ಮುತ್ತಮ್ಮ ಖಾಲಿ ಲೋಟವನ್ನು ನೋಡಿದಳು, ಗೌಡರ ನಗುಮುಖವನ್ನು ನೋಡಿದಳು. ಒಳಗೆ ತಿರುಗಿ ಸೊಸೆಗೆ ಗಂಟುಮೂಟೆ ಕಟ್ಟಲು ಹೇಳಿದಳು.

"ಸಿಲೋನಿನಲ್ಲಿಯೂ ಕಡೆಗೆ ತೋಟದ ದೊರೆ ನಮ್ಮ ಮನೆಗೆ ಬಂದು ಚಾ ಕುಡಿದಿದ್ರು ಧಣಿ. ಮರುವಾರ ಹಡಗು ಹತ್ತಿಸಿದ್ರು. ಈ ಸಲ ನಮ್ಮನ್ನು ಎಲ್ಲಿಗೆ ಕಳಿಸುದು?"