ಎಡಗೈಗೆ ಎಟುಕುವಷ್ಟು

"ಇನ್ನೊಂದು ಚೂರು ಮೇಲೆ," ಎಂದಳು ಫಿಸಿಯೋ ಹುಡುಗಿ.

ಅವನ ಎಡಗೈಯ ಎರಡು ಬೆರಳು ಇರುವೆಗಳ ಹಾಗೆ ಗೋಡೆ ಹತ್ತುತ್ತಾ ಹೋಗಿ ಕಿವಿಯ ಮಟ್ಟದಲ್ಲಿ ನಿಂತವು. ಅಲ್ಲಿಂದ ಮೇಲಕ್ಕೆ ಹೋಗುವುದಿಲ್ಲ ಎಂದರೆ ಹೋಗುವುದಿಲ್ಲ. ಭುಜದೊಳಗೆ ಯಾರೋ ಚಿಲಕ ಹಾಕಿಕೊಂಡು ಕೂತಿದ್ದರು. ಅವನು ಮೆಲ್ಲಗೆ ಸೊಂಟ ಬಾಗಿಸಿ, ಪಕ್ಕೆಯನ್ನು ಹೊರಗೆ ತಳ್ಳಿ, ಇನ್ನೆರಡು ಬೆರಳಿನಷ್ಟು ಜಾಗ ಕದ್ದ.

"ಕಳ್ಳಾಟ ಬೇಡ ಅಂಕಲ್. ನಾನು ಭುಜ ಕೇಳಿದ್ರೆ ನೀವು ಸೊಂಟ ಕೊಡ್ತಿದ್ದೀರಿ."

ಅವನು ನೇರವಾದ. ಬೆರಳುಗಳು ತಾವಾಗಿಯೇ ಕೆಳಗಿಳಿದವು. ಹುಡುಗಿ ಅಲ್ಲೊಂದು ಪೆನ್ಸಿಲ್ ಗೀಟು ಎಳೆದಳು. ಆ ಗೋಡೆಯ ತುಂಬ ಅಂಥ ಗೀಟುಗಳಿದ್ದವು, ಬಂದುಹೋದವರವು. ಅವನದು ಎಲ್ಲಕ್ಕಿಂತ ಕೆಳಗಿನದಲ್ಲ ಎನ್ನುವುದೊಂದೇ ಸಮಾಧಾನ.

"ಕೆಲಸ ಏನು ನಿಮ್ದು?"

"ಗೋಡೆ ಹತ್ತೋದು. ಬೇರೆಯವರಿಗೆ ಹತ್ತೋಕೆ ದಾರಿ ಮಾಡಿಕೊಡೋದು."

"ಅಯ್ಯೋ ದೇವ್ರೇ! ಗೋಡೆ ಹತ್ತೋರಿಗೇ ಗೋಡೆ ಹತ್ತೋದು ಹೇಳಿಕೊಡ್ತಿದ್ದೀನಾ ನಾನು?" ಹುಡುಗಿ ನಕ್ಕಳು. ಅವನು ನಗದೆ ಇದ್ದುದನ್ನು ಕಂಡು ಬಾಯಿ ಮುಚ್ಚಿಕೊಂಡಳು. "ನೋಡಿ ಅಂಕಲ್, ಭುಜ ಹೆಪ್ಪುಗಟ್ಟಿದೆ. ಬಿದ್ದು ಮುರಿದದ್ದಲ್ಲ. ಹೇಳದೆ ಕೇಳದೆ ಬರುತ್ತೆ, ಹಾಗೇ ಹೋಗುತ್ತೆ. ಒಂದು ವರ್ಷ ಆಗ್ಬೋದು, ಇನ್ನೂ ಜಾಸ್ತೀನೂ ಆಗ್ಬೋದು. ಅಲ್ಲೀವರೆಗೂ ಕೈಮೇಲೆ ಜೋತು ಬೀಳೋದು, ಎಳೆಯೋದು ಏನೂ ಬೇಡ. ಮಾಡ್ತಿಲ್ಲ ತಾನೆ?"

"ಇಲ್ಲ," ಎಂದ.

ಹಸಿ ಸುಳ್ಳು. ಅಂದು ಬೆಳಿಗ್ಗೆಯೂ ಹಲ್ಲು ಕಚ್ಚಿ ಜೋತು ಬಿದ್ದೇ ಬಂದಿದ್ದ. ಆದರೆ ಸುಳ್ಳು ಹೇಳಿದೆನಲ್ಲ ಎಂದೂ ಅನ್ನಿಸಲಿಲ್ಲ, ಒಂದು ವರ್ಷ ಎಂದು ಕೇಳಿ ಭಯವೂ ಆಗಲಿಲ್ಲ. ಕೆಲವು ತಿಂಗಳಿಂದ ಅವನ ಸ್ಥಿತಿಯೇ ಹಾಗೆ. ಊಟ ಮಾಡಿದರೆ ಮಾಡಿದ, ಬಿಟ್ಟರೆ ಬಿಟ್ಟ. ಭುಜದಲ್ಲಿ ಶುರುವಾದದ್ದು ಭುಜದಲ್ಲೇ ನಿಲ್ಲದೆ ಒಳಗೆಲ್ಲ ಹಬ್ಬಿ ಆಸಾಮಿಯನ್ನೇ ಮರಗಟ್ಟಿಸಿತ್ತು.

ಒಂದು ಕಾಲದಲ್ಲಿ ಅವನನ್ನು ಹಲ್ಲಿ ಎನ್ನುತ್ತಿದ್ದರು. ತಲೆಯ ಮೇಲೆ ಸೂರಿನ ಹಾಗೆ ಬಾಗಿದ ಬಂಡೆಗೂ ಅಂಟಿಕೊಂಡು ಹೋಗುತ್ತಿದ್ದ, ಹೆಸರು ಸುಮ್ಮನೆ ಬಂದದ್ದಲ್ಲ. ವಯಸ್ಸು ಐವತ್ತರ ಹತ್ತಿರ ಬಂದಂತೆ ಹಲ್ಲಿಯ ಮುಂದೆ ಒಂದು 'ಮಾವ' ಸೇರಿತು. ಈಗ ಅವನು ಬಂಡೆ ಹತ್ತುವುದನ್ನು ಕಲಿಸುವ ಒಂದು ಹಾಲಿನಲ್ಲಿ ದಾರಿ ಹಾಕುವವನು. ದಾರಿ ಎಂದರೆ ಇಷ್ಟೇ: ಮೂರಾಳೆತ್ತರದ ಮರದ ಗೋಡೆ, ಅದರ ತುಂಬ ತೂತು. ಆ ತೂತುಗಳಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಗಡ್ಡೆಗಳನ್ನು ಬೋಲ್ಟು ಹಾಕಿ ಬಿಗಿಯಬೇಕು. ಅವನ್ನು ಹಿಡಿ ಎನ್ನುತ್ತಾರೆ, ಒಂದು ದಾರಿಗೆ ಒಂದು ಬಣ್ಣ. ಯಾವ ಹಿಡಿ ಎಲ್ಲಿರಬೇಕು, ಯಾವ ಕೈಗೆ ಯಾವುದು ಸಿಗಬೇಕು, ಎಲ್ಲಿ ಹತ್ತುವವನ ನೀರಿಳಿಯಬೇಕು ಎನ್ನುವುದೆಲ್ಲ ಹಾಕುವವನ ತಲೆಯಲ್ಲಿರುತ್ತದೆ.

ಆ ಹಾಲಿನಲ್ಲಿ ಅವನೇ ಮಾಡಿದ ಒಂದು ಕಾನೂನಿತ್ತು. ದಾರಿ ಹಾಕಿದವನು ಮೊದಲು ತಾನು ಹತ್ತಿ ತೋರಿಸಬೇಕು. ತಾನು ಹತ್ತಲಾರದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ಈ ಮಾತನ್ನು ಅವನು ಎಷ್ಟು ಸಲ, ಎಷ್ಟು ಠೇಂಕಾರದಿಂದ ಹೇಳಿದ್ದನೆಂದರೆ ಯಜಮಾನರು ಅದನ್ನು ಬಾಗಿಲ ಮೇಲೆ ಬರೆಸಿದ್ದರು. ಹಾಗಾಗಿ ಭುಜ ಬಿಗಿಯತೊಡಗಿದಾಗ ಅವನು ಒಂದು ಉಪಾಯ ಕಂಡುಕೊಂಡ. ಎಡಗೈಗೆ ಎಟುಕದ ಹಿಡಿಯನ್ನು ಒಂದು ತೂತು ಕೆಳಗೆ ಇಳಿಸಿದ. ಇನ್ನೊಂದನ್ನು ಬಲಕ್ಕೆ ಸರಿಸಿದ. ಒಂದು ಹಿಡಿ ಕೆಳಗೆ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲವಲ್ಲ. ಹತ್ತಿ ತೋರಿಸಿದ. ಯಾರಿಗೂ ತಿಳಿಯಲಿಲ್ಲ. ಆಮೇಲೆ ಅದೇ ಅಭ್ಯಾಸವಾಗಿ, ಹಾಗೆ ಮಾಡುತ್ತಿದ್ದೇನೆ ಎನ್ನುವುದು ಅವನಿಗೂ ಮರೆತುಹೋಯಿತು.

ಫಿಸಿಯೋ ಬಳಿಯಿಂದ ಹಾಲಿಗೆ ಬಂದಾಗ ಅಕ್ಕನ ಮಗಳು ಹಾಸಿನ ಮೇಲೆ ಕೂತಿದ್ದಳು. ಬೂಟು ಬಿಚ್ಚಿರಲಿಲ್ಲ, ಕಟ್ಟಿಯೂ ಇರಲಿಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವನ ಹಗ್ಗದ ತುದಿಗೇ ಬೆಳೆದವಳು. ಎಲ್ಲರೂ ಮರಿಹಲ್ಲಿ ಎನ್ನುತ್ತಿದ್ದರು. ಹಿಂದಿನ ದಿನ ರಾಜ್ಯದ ಕಿರಿಯರ ತಂಡದ ಆಯ್ಕೆಗೆ ಹೋಗಿ ಬಂದಿದ್ದಳು.

"ಏನಾಯ್ತು?"

"ಬಿದ್ದೆ."

"ಎಲ್ಲಿ?"

"ಅಲ್ಲೇ ನಗು ಬರೋದು ಮಾವ. ಕಷ್ಟದ ಜಾಗ ಎಲ್ಲ ದಾಟಿದ್ದೆ. ಮೇಲೊಂದು ದಪ್ಪ ಹಿಡಿ, ಚಿಕ್ಕ ಮಕ್ಕಳೂ ಹಿಡಿಯೋವಂಥದ್ದು. ಎಡಗೈ ತಲೆ ಮೇಲೆ ನೇರ ಚಾಚಿದ್ರೆ ಮುಗೀತು. ಚಾಚಿದೆ. ಕೈ ಹೋಗ್ಲೇ ಇಲ್ಲ. ಅರ್ಧಕ್ಕೆ ನಿಂತು, ಯಾವ ಕಡೆ ಅಂತ ನನ್ನನ್ನೇ ಕೇಳ್ತು." ಅವಳು ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಯಾರದೋ ವಸ್ತುವಿನ ಹಾಗೆ ನೋಡಿದಳು. "ಇದರಲ್ಲೇ ಏನೋ ದೋಷ ಇದೆ. ಮುಂದಿನ ತಿಂಗಳು ಇನ್ನೊಂದು ಸಲ ಕರೀತಾರೆ. ನಾನು ಹೋಗಲ್ಲ."

"ಈ ವರ್ಷ ಬಿಟ್ರೆ ವಯಸ್ಸು ದಾಟುತ್ತಲ್ಲೇ."

"ದಾಟ್ಲಿ ಬಿಡು. ಮಾನ ಹೋಗೋದಕ್ಕಿಂತ ಅದೇ ವಾಸಿ."

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು. ಮುಖ ಊದಿತ್ತು, ರಾತ್ರಿಯಿಡೀ ಅತ್ತ ಹಾಗಿತ್ತು. ಎತ್ತಿ ಆಡಿಸಿದ ಮಗು. ಅವಳ ಹಿಂದೆ ಓಡುವಂತಾಗಬೇಕಿತ್ತು. ಆಗಲಿಲ್ಲ. ಅವನು ನಿಂತೇ ಇದ್ದ.

ಆಮೇಲೆ ಸುಮ್ಮನೆ ಗೋಡೆಯ ಕಡೆ ನೋಡಿದ. ಬೆವರಿಗೆ ಕೈ ಜಾರದಿರಲೆಂದು ಎಲ್ಲರೂ ಸೀಮೆಸುಣ್ಣದ ಪುಡಿ ಹಚ್ಚಿ ಹತ್ತುತ್ತಾರಾದ್ದರಿಂದ ಗೋಡೆಯ ಮೇಲೆ ಕೈ ತಗುಲಿದ ಕಡೆಯಲ್ಲೆಲ್ಲ ಬಿಳಿ ಕಲೆ. ದಿನಾ ಕಾಣುವ ಕಲೆಗಳೇ. ಇವತ್ತು ಕಂಡದ್ದು ಬೇರೆ. ಬಲಗೈಯ ಕಲೆಗಳು ಮೇಲೆ ಮೇಲೆ, ಎಡಗೈಯವು ಎಲ್ಲ ಹತ್ತುವವನ ಎದೆಮಟ್ಟಕ್ಕೆ, ಹೆಚ್ಚೆಂದರೆ ಕಿವಿಯ ಮಟ್ಟಕ್ಕೆ. ಕೆಂಪು ದಾರಿ ಹಾಗೆ, ಹಳದಿ ಹಾಗೆ, ಹಸಿರೂ ಹಾಗೇ. ಇಡೀ ಗೋಡೆ ಗಾಳಿಗೆ ಬಾಗಿದ ಬೆಳೆಯ ಹಾಗೆ ಬಲಕ್ಕೆ ವಾಲಿತ್ತು. ಇಷ್ಟು ತಿಂಗಳು ಇಲ್ಲಿ ಹತ್ತಿದ ಯಾರೂ ಎಡಗೈಯನ್ನು ತಲೆಯ ಮೇಲೆ ಎತ್ತಿರಲಿಲ್ಲ. ಎತ್ತುವ ಪ್ರಸಂಗವನ್ನೇ ಅವನು ಇಟ್ಟಿರಲಿಲ್ಲ. ಬೇರೆಯವರು ಆಗೊಮ್ಮೆ ಈಗೊಮ್ಮೆ ಬಂದುಹೋಗುವವರು. ಅಕ್ಕನ ಮಗಳು ಹತ್ತುವುದು ಇಲ್ಲೊಂದೇ ಕಡೆ. ಭಾನುವಾರ ಅವಳನ್ನು ಊರಾಚೆಯ ಬಂಡೆಗೆ ಕರೆದೊಯ್ಯುತ್ತಿದ್ದುದನ್ನೂ ಬಿಸಿಲು, ಕೆಲಸ, ಹಗ್ಗ ಹಳೆಯದಾಯಿತು ಎಂದು ನೆಪ ಹೇಳಿ ಅವನೇ ತಪ್ಪಿಸಿದ್ದ.

ಸಂಜೆ ಮನೆಯಲ್ಲಿ ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಊರವರ ಬಟ್ಟೆ ಹೊಲಿದು ಅವಳ ಕಣ್ಣೇ ಟೇಪಾಗಿತ್ತು, ಯಾರನ್ನು ನೋಡಿದರೂ ಮೊದಲು ಅಳತೆ ಕಾಣುವುದು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ, ಪೇಪರು ಓದುವವನ ದನಿಯಲ್ಲಿ. ಭುಜ, ಹಿಡಿ, ಗೋಡೆ, ಹುಡುಗಿ.

ಅವಳು ಮೆಷಿನ್ ನಿಲ್ಲಿಸಿದಳು. "ಕುಣೀಲಾರದೋಳು ನೆಲ ಡೊಂಕು ಅಂದಳಂತೆ. ನೀವು ಅವಳನ್ನೂ ಮೀರಿಸಿದ್ರಿ. ನೆಲಾನೇ ಡೊಂಕು ಮಾಡಿಟ್ರಿ!"

"ಭುಜದ ವಿಷಯ ನಿನಗೂ ಹೇಳಿರಲಿಲ್ಲ."

"ಹೇಳ್ಬೇಕಿತ್ತಾ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಅವಳು ಎದ್ದು ಬಂದು ಅವನ ಅಂಗಿಯ ಎಡ ಕಂಕುಳಿಗೆ ಕೈ ಹಾಕಿ ಹೊಲಿಗೆಯನ್ನು ಹೊರಗೆ ತಿರುಗಿಸಿ ತೋರಿಸಿದಳು. ಅಲ್ಲೊಂದು ಮೂರು ಮೂಲೆಯ ತುಂಡು ಬಟ್ಟೆ, ಅದೇ ಬಣ್ಣದ್ದು. "ನೀವು ಅಂಗಿ ಹಾಕೋವಾಗ ಎಡಗೈನ ಮೊದಲು ತೂರಿಸೋದು ನೋಡಿದ ದಿನಾನೇ ಗೊತ್ತಾಯ್ತು. ಎಲ್ಲ ಅಂಗಿಗೂ ಬಿಚ್ಚಿ ಜಾಗ ಕೊಟ್ಟಿದ್ದೀನಿ. ಹಾಕ್ಕೊಂಡು ತಿರುಗ್ತಿದ್ದೀರಲ್ಲ, ಒಂದಿನಾನಾದ್ರೂ ಗೊತ್ತಾಯ್ತಾ?"

ಗೊತ್ತಾಗಿರಲಿಲ್ಲ. ಅವನು ಆ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಯಾಕೆ ಸುಮ್ಮನಿದ್ದೆ?"

"ನಿಮ್ಮ ಬಾಯಿಂದ ಬರ್ಲಿ ಅಂತ. ಬಂತಲ್ಲ, ಈಗ." ಅವಳು ಅಂಗಿಯನ್ನು ನೇರ ಮಾಡಿದಳು. "ನಾನು ಅಂಗಿ ಹೊಲಿಗೆ ಬಿಚ್ಚಿದ್ದು ನಿಮಗೊಬ್ಬರಿಗೆ ರೀ. ನೀವು ಮಾಡಿರೋದು ಆ ಮಗು ಕುತ್ತಿಗೆಗೆ ಬಂದಿದೆ. ಮೊದಲು ಅವಳಿಗೆ ಹೇಳಿ."

"ಹೇಳಿದ್ರೆ ದಾರಿ ಹಾಕೋ ಕೆಲಸ ಅಲ್ಲಿಗೆ ಮುಗೀತು. ಹತ್ತಿ ತೋರಿಸೋಕೆ ಆಗದೋನು ಹಾಕೋ ಹಾಗಿಲ್ಲ. ಬಾಗಿಲ ಮೇಲೇ ಬರೆದಿದೆ."

"ಆ ಮಾತು ಮೊದಲು ಹೇಳಿದೋರು ಯಾರು?"

ಅವಳು ಹೋಗಿ ಮತ್ತೆ ಮೆಷಿನ್ ತುಳಿಯತೊಡಗಿದಳು. ತಲೆ ಎತ್ತದೆ, "ಹಲ್ಲಿಗೆ ಬಾಲ ಕಳಚಿದ್ರೂ ಮತ್ತೆ ಬರುತ್ತಂತೆ," ಎಂದಳು. "ಭುಜ ಏನು ಮಹಾ."

ಮರುದಿನ ಬೆಳಿಗ್ಗೆ ಅವನು ಅಕ್ಕನ ಮಗಳಿಗೆ ಫೋನು ಮಾಡಿ ಕರೆಸಿದ. ಅವಳು ಮೂಗು ಮುರಿಯುತ್ತಲೇ ಬಂದಳು. ಹಾಲಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಕೆಂಪು ದಾರಿಯ ಹಿಡಿಗಳನ್ನೆಲ್ಲ ಅವನು ಬಿಚ್ಚಿ ನೆಲದ ಮೇಲೆ ಗುಡ್ಡೆ ಹಾಕಿದ್ದ. ಎತ್ತರದ್ದನ್ನು ಬಲಗೈಯಲ್ಲೇ ಬಿಚ್ಚಿದ್ದ, ಬಹಳ ಹೊತ್ತು ಹಿಡಿದಿತ್ತು.

"ನಿನ್ನ ಕೈಯಲ್ಲಿ ದೋಷ ಇಲ್ಲ," ಎಂದ.

"ಸಮಾಧಾನ ಮಾಡೋಕೆ ಕರೆದ್ಯಾ? ಹಾಗಾದ್ರೆ ನಾನು ಹೊರಟೆ."

ಅವನು ಎಡಗೈ ಎತ್ತಿದ. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಸೊಂಟ ತಾನೇ ಬಾಗಲು ಹೋಯಿತು, ತಡೆದು ನೇರವಾದ. "ಇಷ್ಟೇ ಹೋಗೋದು," ಎಂದ. "ಈ ಗೋಡೇನೂ ಇಷ್ಟೇ ಹೋಗುತ್ತೆ. ನೋಡು."

ಅವಳು ಅವನ ಕೈ ನೋಡಿದಳು, ಗೋಡೆಯ ಮೇಲಿನ ಬಿಳಿ ಕಲೆಗಳನ್ನು ನೋಡಿದಳು. ಹಳದಿ, ಹಸಿರು, ನೀಲಿ. ಮತ್ತೆ ಕೈ ನೋಡಿದಳು. ಚುರುಕು ಹುಡುಗಿ, ಬಿಡಿಸಿ ಹೇಳಬೇಕಾಗಲಿಲ್ಲ.

"ಯಾವಾಗಿಂದ?"

"ಬೇಸಿಗೆಯಿಂದ."

"ಅಂದ್ರೆ ಇಷ್ಟು ದಿನ ನಾನು ನಿನ್ನ ಕೈಯಲ್ಲಿ ಹತ್ತುತ್ತಿದ್ದೆ." ಅವಳು ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಳು. "ರಾತ್ರಿಯಿಡೀ ನನ್ನ ಕೈಗೆ ಶಾಪ ಹಾಕಿದೀನಿ ಮಾವ. ಗೋಡೆಗೆ ಗುದ್ದಿದೀನಿ ಇದನ್ನ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ತಪ್ಪಾಯ್ತು."

ಅವಳು ಅಳುತ್ತಿದ್ದಳು, ಅವನು ನೋಡುತ್ತಿದ್ದ. ನಡುವೆ ಕೆಂಪು ಹಿಡಿಗಳ ಗುಡ್ಡೆ ಇತ್ತು. ಕೊನೆಗೆ ಅವನು ಬಗ್ಗಿ ಡ್ರಿಲ್ ಮೆಷಿನ್ ಎತ್ತಿ ಅವಳ ಕಡೆ ಚಾಚಿದ.

"ನಂಗ್ಯಾಕೆ?"

"ನೀನು ಹಾಕು."

"ಹಾಕಿದೋರೇ ಮೊದಲು ಹತ್ತಿ ತೋರಿಸ್ಬೇಕು."

"ಹೂಂ. ಅದಕ್ಕೇ."

ಅವಳು ಮುಖ ಒರೆಸಿಕೊಂಡು ಅವನನ್ನೇ ನೋಡಿದಳು. ಇದು ಇವತ್ತಿನ ಒಂದು ದಾರಿಯ ಮಾತಲ್ಲ ಎನ್ನುವುದು ಅವಳಿಗೆ ತಿಳಿಯಿತು. ಬೇಡ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಮೆಷಿನ್ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಏಣಿ ಎಳೆದಳು.

ಹಿಡಿಗಳು ಒಂದೊಂದಾಗಿ ಗೋಡೆ ಸೇರಿದವು. ಅವನು ಕೆಳಗಿನಿಂದ ಎತ್ತಿ ಕೊಡುತ್ತಿದ್ದ, ಅವಳು ಬಿಗಿಯುತ್ತಿದ್ದಳು. ಮೇಲಿನ ಎಡಗೈ ಹಿಡಿ ಮಾತ್ರ ಉಳಿದಾಗ ಅವಳು ಏಣಿಯ ತುದಿಯಿಂದ ಅದನ್ನು ಗೋಡೆಗೆ ಒತ್ತಿ ಹಿಡಿದು, ಮುಖ ತಿರುಗಿಸದೆ ಕೇಳಿದಳು. "ಇಲ್ಲಾ?"

"ಇನ್ನೊಂದು ಚೂರು ಮೇಲೆ."

"ಇಲ್ಲಾ?"

"ಇನ್ನೊಂದು ಚೂರು."

"ಅಲ್ಲಿ ನನಗೂ ಎಟುಕಲ್ಲ."

"ಹಾಕು ನೀನು."

ಬೋಲ್ಟು ಕಿರ್ರೆಂದು ಬಿಗಿಯಾಯಿತು. ಅವಳು ಇಳಿದು ಸೊಂಟಪಟ್ಟಿ ಹಾಕಿಕೊಂಡು ಹಗ್ಗದ ಒಂದು ತುದಿ ಕಟ್ಟಿಕೊಂಡಳು; ಗೋಡೆಯ ತುದಿಯ ಬಳೆಯಲ್ಲಿ ಹಾದು ಕೆಳಗಿಳಿದ ಹಗ್ಗವನ್ನು ಅವನು ತನ್ನ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡ. ಹತ್ತುವ ಮೊದಲು ಒಬ್ಬರ ಕಟ್ಟನ್ನು ಇನ್ನೊಬ್ಬರು ಪರೀಕ್ಷಿಸಬೇಕು, ಜಗಳವಾಡಿದ್ದರೂ ಸರಿ. ಅವನು ಅವಳ ಹಗ್ಗದ ಗಂಟನ್ನು ಎಳೆದು ನೋಡಿದ. ಅವಳು ಅವನ ಕೊಕ್ಕೆಯನ್ನು ಎಳೆದು ನೋಡಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಅರ್ಧದವರೆಗೆ ಸರಾಗ ಹೋದಳು. ಆಮೇಲೆ ನಿಧಾನವಾಯಿತು. ಕೊನೆಯ ಹಿಡಿಯ ಕೆಳಗೆ ಕಾಲು ಬದಲಿಸಿ, ಉಸಿರು ತೆಗೆದುಕೊಂಡು, ಎಡಗೈ ಎತ್ತಿದಳು. ಅದು ಕಿವಿಯ ಪಕ್ಕ ಒಂದು ಗಳಿಗೆ ತಡೆಯಿತು. ಅವನು ಅದನ್ನು ಕಂಡ. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಕೈ ಮೇಲೆ ಹೋಯಿತು, ಇನ್ನೂ ಮೇಲೆ, ತಲೆ ದಾಟಿ, ಮತ್ತು ಅವಳು ಬಿದ್ದಳು.

ಹಗ್ಗ ಸೆಟೆದು ಅವನನ್ನು ತುದಿಗಾಲಿಗೆ ಎತ್ತಿತು. ಹಗ್ಗದ ಮೇಲಿದ್ದ ಎಡಗೈ ಜಗ್ಗಿ, ಭುಜದೊಳಗೆ ಕಾದ ಸರಳು ಹೊಕ್ಕಂತಾಯಿತು. "ಅಮ್ಮಾ!" ಎಂದು ಬಾಯಿಂದ ಹೊರಟೇಹೋಯಿತು, ಕಣ್ಣಲ್ಲಿ ನೀರು ಬಂತು. ಬಲಗೈ ಬಿಡಲಿಲ್ಲ.

"ನೋವಾಯ್ತಾ?" ಮೇಲಿನಿಂದ ಕೇಳಿದಳು.

"ಆಯ್ತು," ಎಂದ. ಇಷ್ಟು ತಿಂಗಳಲ್ಲಿ ಈ ಪ್ರಶ್ನೆಗೆ ಅವನು ನಿಜ ಹೇಳಿದ್ದು ಅದೇ ಮೊದಲು. "ಇಳಿಸ್ಲಾ?"

ಅವಳು ಹಗ್ಗದಲ್ಲಿ ತೂಗುತ್ತಾ ಎಡಗೈಯನ್ನು ಕೊಡವಿದಳು. ಸೀಮೆಸುಣ್ಣದ ಪುಡಿ ಅವನ ತಲೆಯ ಮೇಲೆ, ಹೆಗಲ ಮೇಲೆ ಉದುರಿತು.

"ಬೇಡ. ಹಿಡ್ಕೊಂಡಿರು."

ಅವನು ಹಿಡಿದುಕೊಂಡು ನಿಂತ. ಮೇಲೆ, ಕೆಂಪು ಹಿಡಿಗೆ ಒಂದು ಬೆರಳಿನಷ್ಟು ಕೆಳಗೆ, ಬರೀ ಗೋಡೆಯ ಮೇಲೆ, ನಾಲ್ಕು ಬಿಳಿ ಗೀಟುಗಳು ಮೂಡಿದ್ದವು.