ತೊಳೆದರೂ ಹೋಗದ ಕೆಂಪು

"ಅಣ್ಣಾ, ಛತ್ರಿ ಸರಸು. ಸತ್ತಾಕಿಗೆ ಬಿಸಲು ಏನ ಮಾಡ್ತೈತೋ?" ಅಂಗಳದಲ್ಲಿ ಕೂಡಿಸಿದ್ದ ಗುರುಲಿಂಗವ್ವನ ಹಣೆಗೆ ವಿಭೂತಿ ಹಚ್ಚುತ್ತ ಸಾವಂತ್ರವ್ವ ಹರಿಹಾಯ್ದಳು.

ಅಂದಪ್ಪ ಛತ್ರಿ ಸರಿಸಲಿಲ್ಲ. "ಹತ್ತು ವರ್ಷ ಹೇಣ್ತಿ ತಲಿ ಮ್ಯಾಲ ಹಿಡದೇನಿ. ಇವತ್ತೊಂದಿನ ಸುಡಾಕ ಬಿಡ್ಲೇನು?"

ಇಳಕಲ್ಲಿನ ಆ ಓಣಿಯಲ್ಲಿ ಅಂದು ಒಂದು ಮಗ್ಗವೂ ಸದ್ದು ಮಾಡಿರಲಿಲ್ಲ. ಪಕ್ಕದ ಮನೆಯ ಸುಲ್ತಾನಾ ಗೋಡೆಗೊರಗಿ ಬಿಕ್ಕುತ್ತಿದ್ದಳು. "ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕೂದು ಕಲಿಸಿದಾಕಿ ಈ ಅಕ್ಕಾನ. ನನ್ನ ಮನಿ ಒಲಿ ಉರಿಯೂದು ಆಕಿ ಪುಣ್ಯಾ."

ಹೌದೌದೆಂದರು ಎಲ್ಲರೂ. ಅಂದಪ್ಪನ ಕಿವಿಗೆ ಅದು ಬೀಳಲಿಲ್ಲ. ಮಣ್ಣಿಗಿಡುವ ಮೊದಲು ಅವನಿಗೆ ಒಂದು ಮಾತು ತಿಳಿಯಬೇಕಿತ್ತು: ಇವಳನ್ನು ಕೊಂದವನು ನಾನೇ ಏನು?

*

ಹನ್ನೊಂದು ವರ್ಷದ ಹಿಂದಿನ ಮಾತು. ಸೆರಗಿನ ರೇಷ್ಮೆಗೆ ಕೆಂಪು ಬಣ್ಣ ಹಾಕುವುದು ಗುರುಲಿಂಗವ್ವನ ಕೆಲಸ. ಒಂದು ದಿನ ಎರಡೂ ಕೆನ್ನೆಗೆ, ಮೂಗಿನ ಮೇಲೆ ಕೆಂಪು ಕಾಣಿಸಿತು. ಬಣ್ಣದ ಕೈ ಮುಖಕ್ಕೆ ತಾಗಿದೆ ಅಂದ ಅಂದಪ್ಪ. ಬಣ್ಣದ ಮನೆಯಲ್ಲಿ ಮತ್ತೇನು ಅಂದಾರು? ದಿನಾ ಸಂಜೆ ಬಿಸಿನೀರಲ್ಲಿ ಅರಿವೆ ಅದ್ದಿ ತಾನೇ ಮೆಲ್ಲಗೆ ಒರೆಸಿದ. ಹೀಗೇ ಒಂದು ವರ್ಷ! ಕೀಲು ನೋವು ಹೆಚ್ಚಿ, ಕಾಲು ಬಾತ ಮೇಲೆ ಬಾಗಲಕೋಟೆಗೆ ಓಡಿದರು.

ಲೂಪಸ್ ಅಂದರು ಡಾಕ್ಟರ್ ವಂದನಾ. "ರೋಗದ ಕೂಡ ಬಡದಾಡೂ ಕೋಶ ಎಲ್ಲಾರ ರಕ್ತದಾಗೂ ಇರ್ತಾವ. ಇವರೊಳಗ ಅವು ಇವರ ಮೈಯನ್ನ ವೈರಿ ಅಂತ ತಿಳದಾವ. ಕೆನ್ನಿ ಕೆಂಪಾಗಿದ್ದು ಅದಕ್ಕ. ಕಿಡ್ನಿಗೂ ಪೆಟ್ಟು ಕೊಟ್ಟಾವ. ಬಿಸಲು ಬಿದ್ರ ಇನ್ನೂ ಕೆರಳ್ತಾವ."

ಮೊದಲಿನ ಗುಳಿಗೆಗಳು ಒಳ್ಳೆಯ ಕೋಶ, ಕೆಟ್ಟ ಕೋಶ ಎನ್ನದೆ ಎಲ್ಲವನ್ನೂ ಹತ್ತಿಕ್ಕಿದವು. ಮುಖ ಊದಿತು; ಸಣ್ಣ ನೆಗಡಿಗೂ ಹಾಸಿಗೆ ಹಿಡಿದಳು. ಆಮೇಲೆ ಸಲೈನಿನಲ್ಲಿ ಹೊಸ ಔಷಧ ಬಂತು. "ಇದು ರೋಗ ಕೆರಳಿಸೂ ಬಿ ಕೋಶ ಅಂತ ಅದಾವಲ್ಲ, ಅವನ್ನಷ್ಟ ಹುಡುಕಿ ತೆಗೀತೈತಿ," ಅಂದರು ಡಾಕ್ಟರು.

"ಮಗ್ಗದ ಹಾಸು ಪೂರಾ ಕತ್ತರಸದ, ಕೆಟ್ಟ ಎಳಿ ಅಷ್ಟ ಆರಿಸಿದಂಗ," ಎಂದು ನಕ್ಕಿದ್ದಳು ಗುರುಲಿಂಗವ್ವ. ಆರು ತಿಂಗಳಿಗೆ ಮತ್ತೆ ಮಗ್ಗದ ಮುಂದೆ ಕೂತಳು ಪುಣ್ಯಾತ್ಗಿತ್ತಿ.

*

ಮಧ್ಯಾಹ್ನ ಡಾಕ್ಟರು ಬಂದು ಹಾರ ಹಾಕಿದರು. ಅಂದಪ್ಪ ಕೇಳಿಯೇಬಿಟ್ಟ. "ನಿನ್ನೆ ಹಾರ್ಟ್ ನಿಂತು ಹೋದ್ಳರಿ. ನಾ ಆವತ್ತು ತಡಾ ಮಾಡಿದ್ದಕ್ಕ ಏನ್ರಿ?"

"ಸುಳ್ಳು ಹೇಳೂದಿಲ್ರಿ, ತಡಾ ಆಗಿತ್ತು. ಆದ್ರ ಈ ರೋಗ ಹಾರ್ಟನ್ನೂ ಸವಸ್ತೈತಿ. ನಿಮ್ಮಿಂದನ ಹೋದ್ರು ಅಂತ ಯಾರೂ ಹೇಳಾಕ ಬರೂದಿಲ್ಲ." ವಂದನಾ ಅವನ ಹತ್ತಿರ ಸರಿದರು. "ಅವರು ನನಗೊಂದು ಮಾತು ಹೇಳಿದ್ರು. 'ಅದು ಬಣ್ಣ ಅಲ್ಲಂತ ನನಗ ಎರಡನೇ ದಿನಾನ ಗೊತ್ತಾಗಿತ್ರಿ. ಹೇಳಿದ್ರ ನಮ್ಮನಿಯವರು ಕೆನ್ನಿ ಒರಸೂದು ಬಿಡ್ತಿದ್ರು. ಅಷ್ಟು ವರ್ಷದ ಸಂಸಾರದಾಗ ಆ ಸುಖ ಸಿಕ್ಕಿದ್ದು ಅವಾಗಷ್ಟ.'"

ಅಂದಪ್ಪ ಗಳಗಳನೆ ಅತ್ತ. "ಹತ್ತು ವರ್ಷ ಆಕೀನ ನನಗ ಉಳಿಸಿ ಕೊಟ್ರಿ, ತಾಯಿ. ಭಾಳ ಉಪಕಾರ ಆತು," ಎಂದು ಕೈಮುಗಿದ.

ಛತ್ರಿ ಮಡಿಚಿ ತಂಗಿಯ ಕೈಗೆ ಕೊಟ್ಟ. "ಬಿಸಿನೀರು ತಾರವ್ವಾ."

ಸಾವಂತ್ರವ್ವ ಬಿಸಿನೀರಿನ ಬೋಗುಣಿ ತಂದಿಟ್ಟಳು. ಗುರುಲಿಂಗವ್ವನ ಮುಖದ ಮೇಲೆ ಬಿಸಿಲು ಬಿತ್ತು. ಅಂದಪ್ಪ ಅರಿವೆ ಅದ್ದಿ, ವಿಭೂತಿ ಅಳಿಸದ ಹಾಗೆ ಒಂದು ಕೆನ್ನೆ ಒರೆಸಿದ, ಇನ್ನೊಂದು ಒರೆಸಿದ. ಅರಿವೆಗೆ ಏನೂ ಹತ್ತಲಿಲ್ಲ. ಆದರೂ ಮತ್ತೊಮ್ಮೆ ಅದ್ದಿ, ಹಿಂಡಿದ.